ಅಷ್ಟಮಿ ಹಿಡಿದ ಬೆಕ್ಕಿನ ವಿಷಯವಾಗಿ ಫಿನೈಲ್ ಡಬ್ಬಿಯವರಿಗೆ

ಹುಕ್ಕೇರಿ, ಪುಷ್ಯ ಮಾಸ, ಇಸವಿ ೧೯೩೭

ನಮ್ಮ ಪಡಸಾಲೆಯ ಗೂಡಿನಲ್ಲಿ, ದೇವರ ಕೋಣೆಗೂ ಅಡುಗೆಮನೆಗೂ ಸಮಾನ ದೂರದಲ್ಲಿ ವಿರಾಜಮಾನರಾಗಿರುವ ಫಿನೈಲ್ ಡಬ್ಬಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಕಿರಾಣಿ ಅಂಗಡಿಯ ಪಾಯಪ್ಪನವರ ತಮ್ಮನಾದ ಆಬಾಸಾಹೇಬ ಮಾಡುವ ಅನೇಕ ವಂದನೆಗಳು. ಇತ್ತ ನಾವೆಲ್ಲರೂ ತಮ್ಮ ಕೃಪೆಯಿಂದ ಕ್ರಿಮಿರಹಿತರಾಗಿದ್ದೇವೆ. ಅತ್ತ ತಾವೂ ಮುಚ್ಚಳ ಭದ್ರವಾಗಿ, ತುಕ್ಕು ಹಿಡಿಯದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಾವಿರುವ ಗೂಡಿಗೂ ನಾನು ಕುಳಿತು ಬರೆಯುತ್ತಿರುವ ಚಾಪೆಗೂ ನಡುವೆ ಇರುವ ಅಂತರ ಬಹಳವೇನಲ್ಲ. ಆದರೂ ಪತ್ರದ ಮೂಲಕ ಬಿನ್ನವಿಸಿಕೊಳ್ಳುತ್ತಿರುವುದಕ್ಕೆ ಕಾರಣವೆಂದರೆ, ಮನುಷ್ಯನೊಬ್ಬ ಡಬ್ಬಿಯೆದುರು ಕುಳಿತು ಗಟ್ಟಿಯಾಗಿ ಮಾತನಾಡಿದರೆ ಮನೆಯವರು ಮಂತ್ರವಾದಿಗೆ ಹೇಳಿ ಕಳಿಸುತ್ತಾರೆ, ಅದೇ ಮಾತನ್ನು ಪತ್ರಿಕೆಗೆ ಬರೆದರೆ ವಿಚಾರವಂತನೆನ್ನುತ್ತಾರೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಕಳೆದ ಆಷಾಢದಲ್ಲಿ. ಹೊಳೆಯಾಚೆ ಎಲ್ಲೋ ಇಲಿ ಸತ್ತು ಬಿದ್ದವೆಂಬ ಸುದ್ದಿ ಹಬ್ಬಿ, ಪ್ಲೇಗಿನ ಹೆಸರು ಕೇಳಿದೊಡನೆಯೇ ಊರ ಹೊರಗೆ ಗುಡಿಸಲು ಹಾಕಬೇಕೇ ಬೇಡವೇ ಎಂದು ಹಿರಿಯರು ಕಟ್ಟೆಯ ಮೇಲೆ ಮಾತನಾಡಿಕೊಳ್ಳುತ್ತಿದ್ದ ದಿನಗಳವು. ಊರಿನ ಆರೋಗ್ಯ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಸಾಹೇಬರು ತಮ್ಮನ್ನು ಕೂಸಿನಂತೆ ಕಂಕುಳಲ್ಲಿ ಇಟ್ಟುಕೊಂಡು ಬಂದು, ನಮ್ಮ ಅಣ್ಣ ಆಗಷ್ಟೇ ಫರಸಿಕಲ್ಲು ಹಾಸಿಸಿದ್ದ ಪಡಸಾಲೆಯ ನಡುವೆ ಬಕೀಟು ತರಿಸಿ, ತಮ್ಮ ಕಪ್ಪು ರಸವನ್ನು ಒಂದು ಮುಚ್ಚಳದಷ್ಟು ಅದರಲ್ಲಿ ಸುರಿದರು. ಸುರಿದ ಕೂಡಲೇ ನೀರೆಲ್ಲ ಹಾಲಿನಂತೆ ಬೆಳ್ಳಗಾಯಿತು. ಬಾಗಿಲಲ್ಲಿ ನೆರೆದಿದ್ದ ಓಣಿಯ ಜನ ಉಸಿರು ಬಿಗಿಹಿಡಿದರು. ಕಪ್ಪಾಗಿದ್ದದ್ದು ಬೆಳ್ಳಗಾಗುವುದನ್ನು ನಮ್ಮವರು ಪುರಾಣದಲ್ಲಿ ಕೇಳಿದ್ದರೇ ಹೊರತು ಬಕೀಟಿನಲ್ಲಿ ಕಂಡಿರಲಿಲ್ಲ. ಸಾಹೇಬರು ಆಗಲೇ ಘೋಷಿಸಿದರು, ಊರಿನಲ್ಲಿ ಅತ್ಯಂತ ಸ್ವಚ್ಛವಾದ ಮನೆಗೆ ಪ್ರಶಸ್ತಿಪತ್ರವಿದೆಯೆಂದು. ಅಣ್ಣನವರು ಆಗಲೇ ಗೋಡೆಯ ಮೇಲೆ ಮೊಳೆ ಹೊಡೆಯಬೇಕಾದ ಜಾಗವನ್ನು ನೋಡಿಕೊಂಡರು.

ಆಕ್ಷೇಪವೆತ್ತಿದವರು ನಮ್ಮ ತಂದೆಯ ತಂಗಿ, ನಮ್ಮ ಅತ್ತಿ ಪದ್ಮವ್ವ ಮಾತ್ರ. ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದವರು. ಸೋಸದೆ ನೀರು ಕುಡಿಯದವರು, ಹೊತ್ತು ಮುಳುಗಿದ ಮೇಲೆ ಊಟ ಮಾಡದವರು, ಕೂಡುವ ಜಾಗದಲ್ಲಿ ಇರುವೆ ಇದ್ದೀತೆಂದು ಸೆರಗಿನಿಂದ ಮೆಲ್ಲಗೆ ಸವರಿ ಕೂಡುವವರು. ಅವರು ಬಾಗಿಲ ಮರೆಯಿಂದ ಕೇಳಿದರು:

“ಇದರಾಗ ಹುಳಾ-ಹುಪ್ಪಡಿ ಸಾಯ್ತಾವೇನ್ರಿ ಸಾಹೇಬರ?”

“ಸಾಯಂಗಿಲ್ಲವ್ವಾ,” ಎಂದರು ಸಾಹೇಬರು. “ವಾಸನಿಗಿ ಅವ ಊರ ಬಿಟ್ಟ ಹೋಗ್ತಾವ.”

ಅತ್ತಿಯವರಿಗೆ ಸಮಾಧಾನವಾಯಿತು. ಕೊಲ್ಲುವುದು ಪಾಪ, ಬೇರೆ ಊರಿಗೆ ಕಳಿಸುವುದು ಪಾಪವೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಅಂದಿನಿಂದ ಬೆಳಿಗ್ಗೆಯೂ ಮಧ್ಯಾಹ್ನವೂ ತಮ್ಮ ಸೇವೆಯನ್ನು ಅವರೇ ಕೈಗೊಂಡರು. ಆಳಿನ ಕೈಗೆ ಅರಿವೆಯನ್ನು ಕೊಡಲಿಲ್ಲ. ಮೂಲೆ ಮೂಲೆಗೆ ಮೊಣಕಾಲೂರಿ ಒರಸಿದರು. ನಮ್ಮ ಪಡಸಾಲೆಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡೇ ತಮ್ಮ ಗುಣಗಾನ ಮಾಡಿದರು.

ಈಗ ನಮ್ಮ ಮನೆಯ ಇನ್ನೊಬ್ಬ ಸದಸ್ಯರ ಪರಿಚಯವನ್ನು ತಮಗೆ ಮಾಡಿಕೊಡಬೇಕು. ಪರಿಚಯ ತಮಗೆ ಮೊದಲೇ ಗಾಢವಾಗಿ ಆಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ಗೌಡಸಾನಿ ಎಂಬುದು ನಮ್ಮ ಬೆಕ್ಕಿನ ಹೆಸರು. ತಾಯಿ ಸತ್ತ ಮರಿಯನ್ನು ಅತ್ತಿಯವರು ಹಾಲಿನಲ್ಲಿ ಅದ್ದಿದ ಬತ್ತಿಯನ್ನು ಚೀಪಿಸಿ ಬದುಕಿಸಿದರು. ಹೊರಗೆ ಬಿಟ್ಟರೆ ಗುಬ್ಬಿ ಹಿಡಿದೀತು, ಇಲಿ ಹಿಡಿದೀತು, ಆ ಪಾಪ ಅದಕ್ಕೂ ಸಾಕಿದವರಿಗೂ ಸಮನಾಗಿ ತಟ್ಟೀತು ಎಂದು ಅದನ್ನು ಹೊಸ್ತಿಲು ದಾಟಗೊಡಲಿಲ್ಲ. ಹಾಲು, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮಧ್ಯಾಹ್ನ ತಂಪಾದ ಫರಸಿಯ ಮೇಲೆ ನಿದ್ದೆ, ಇಷ್ಟೇ ಅದರ ಸಂಸಾರ. ಮನೆಯೊಳಗಿನ ಇಲಿಗಳ ಬಗ್ಗೆ ಗೌಡಸಾನಿಗೆ ಕುತೂಹಲವಿತ್ತೇ ಹೊರತು ದ್ವೇಷವಿರಲಿಲ್ಲ.

ಶ್ರಾವಣದಲ್ಲಿ ಗೌಡಸಾನಿ ನೆಕ್ಕಿಕೊಳ್ಳತೊಡಗಿತು. ಬೆಕ್ಕು ನೆಕ್ಕಿಕೊಳ್ಳುವುದು ಸುದ್ದಿಯಲ್ಲ. ಆದರೆ ಇದು ಎದ್ದು ನೆಕ್ಕಿತು, ಮಲಗಿ ನೆಕ್ಕಿತು, ಹಾಲಿನ ಬಟ್ಟಲು ಮುಂದಿಟ್ಟರೆ ಬಟ್ಟಲನ್ನು ಬಿಟ್ಟು ತನ್ನನ್ನೇ ನೆಕ್ಕಿತು. ಮೊದಲು ಹೊಟ್ಟೆಯ ತುಪ್ಪಳ ಹೋಯಿತು, ಆಮೇಲೆ ತೊಡೆಯ ಒಳಮಗ್ಗುಲಿನದು. ಅಂಗಾಲು ಕೆಂಪಾಗಿ ಬಿರಿಯಿತು, ಬೋಳಾದ ಕಡೆ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಅತ್ತಿಯವರು ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡಿ, ಬಸದಿಗೆ ಹೋಗಿ, ಬೆಕ್ಕಿಗೆ ಗುಣವಾಗುವವರೆಗೆ ಹಾಲು ಬಿಟ್ಟೆನೆಂದು ನೇಮ ಹಿಡಿದು ಬಂದರು. ನಮ್ಮ ಜೈನರಲ್ಲಿ ಹೀಗೆ ಒಂದೊಂದು ರಸವನ್ನು, ಅಂದರೆ ಹಾಲು, ತುಪ್ಪ, ಉಪ್ಪಿನಂಥ ರುಚಿಯ ಪದಾರ್ಥವನ್ನು, ಬಿಡುವ ಪದ್ಧತಿಯುಂಟು. ತುಪ್ಪಳ ಹಿಂದಕ್ಕೆ ಬರಲಿಲ್ಲ. ಅವರು ತುಪ್ಪ ಬಿಟ್ಟರು. ಬೋಳು ಇನ್ನಷ್ಟು ಹರಡಿತು, ಉಪ್ಪು ಬಿಟ್ಟರು. ಉಪ್ಪಿಲ್ಲದ ಬೇಳೆಯೊಂದಿಗೆ ಒಣರೊಟ್ಟಿಯನ್ನು ಅವರು ನುಂಗುವುದನ್ನು ನೋಡುತ್ತ ನಾನು ಉಪ್ಪಿನಕಾಯಿ ನೆಕ್ಕುವುದು ಕಷ್ಟವಾಯಿತು. ಅರವತ್ತು ದಾಟಿದ ದೇಹ. ಬಳೆಯಿಲ್ಲದ ಅವರ ಮುಂಗೈ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಗೌಡಸಾನಿಯ ಕಾಯಿಲೆಗೆ ಕಾರಣ ಬೇಗ ಸಿಕ್ಕದಿದ್ದರೆ ನಮ್ಮ ಮನೆಯಲ್ಲಿ ಮೊದಲು ಹೋಗುವವರು ಗೌಡಸಾನಿಯಾಗಿರಲಿಕ್ಕಿಲ್ಲ ಎಂಬ ಭಯ ನನಗೆ ಹತ್ತಿತು.

ಇಂಥ ಸಮಯದಲ್ಲಿ ತಮ್ಮ ಪೋಷಕರಾದ ಸಾಹೇಬರು ಎರಡನೆಯ ಸಲ ಬಂದು, ನೆಲವನ್ನು ನೋಡಿ ಸಂತೋಷಪಟ್ಟು, ಬೆಕ್ಕನ್ನು ನೋಡಿ ಹಿಂದೆ ಸರಿದರು. ಪ್ಲೇಗಿನ ಕಾಲದಲ್ಲಿ ಇಲಿ ಹಿಡಿಯದ ಬೆಕ್ಕೇ ಒಂದು ತಪ್ಪು, ಅದಕ್ಕೆ ಚರ್ಮರೋಗ ಬೇರೆ ಎಂದು ಅಣ್ಣನವರಿಗೆ ತಿಳಿಸಿ, “ಈ ಹುರುಕ ಬೆಕ್ಕ ದೀಪಾವಳಿ ಒಳಗ ಮನಿ ಬಿಡಬೇಕ ನೋಡ್ರಿ,” ಎಂದು ಅಪ್ಪಣೆ ಕೊಟ್ಟರು. ಅಲ್ಲಿಯವರೆಗೆ ರೋಗ ಹರಡದಂತೆ ತಮ್ಮನ್ನು ಇಮ್ಮಡಿಯಾಗಿ ಸುರಿಯಬೇಕೆಂದೂ ಹೇಳಿದರು. ಅತ್ತಿಯವರು ಆ ರಾತ್ರಿಯಿಂದ ಮೂರು ಹೊತ್ತು ಒರಸತೊಡಗಿದರು.

ಮಾನ್ಯರೇ, ನಾನು ಭಾಷಾಂತರವಾಗಿ ಬಂದ ಪತ್ತೇದಾರಿ ಕಾದಂಬರಿಗಳನ್ನು ಓದುವವನು. ಅವುಗಳಲ್ಲಿ ಕೊಲೆ ವಿಲಾಯತಿಯಲ್ಲಿ ಆಗಿರುತ್ತದೆ, ಪತ್ತೆ ಕಲಕತ್ತೆಯಲ್ಲಿ ಆಗಿರುತ್ತದೆ, ಕನ್ನಡಕ್ಕೆ ಬಂದು ಮುಟ್ಟುವಷ್ಟರಲ್ಲಿ ಅಪರಾಧಿಯು ಕುಲಕರ್ಣಿಯಾಗಿರುತ್ತಾನೆ. ಆದರೂ ಸಂಶಯಕ್ಕೆ ಪಾತ್ರರಾದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ಬಿಡುತ್ತ ಬರಬೇಕೆಂಬ ಕ್ರಮ ಯಾವ ಭಾಷಾಂತರಕಾರನ ಕೈಯಲ್ಲಿಯೂ ಕೆಟ್ಟಿಲ್ಲ. ನಾನು ಆ ಕ್ರಮವನ್ನೇ ಹಿಡಿದೆ.

ಮೊದಲ ಸಂಶಯ ಚಿಗಟದ ಮೇಲೆ. ಗೌಡಸಾನಿಯನ್ನು ಬಿಳಿಯ ಧೋತರದ ಮೇಲೆ ನಿಲ್ಲಿಸಿ ಹೇನಿನ ಹಣಿಗೆಯಿಂದ ಬಾಚಿದೆ. ಚಿಗಟ ಸಿಕ್ಕರೆ ಅದನ್ನು ಎಲೆಯ ಮೇಲೆ ಕೂರಿಸಿ ಹಿತ್ತಲಿಗೆ ಬಿಟ್ಟು ಬರಬೇಕೆಂದು ಅತ್ತಿಯವರು ಎಲೆಯನ್ನು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಎಲೆ ಬಾಡಿತು, ಚಿಗಟ ಸಿಕ್ಕಲಿಲ್ಲ. ಅದರ ಕರಿಯ ಹಿಕ್ಕೆಯೂ ಧೋತರದ ಮೇಲೆ ಉದುರಲಿಲ್ಲ. ಎರಡನೆಯ ಸಂಶಯ ಹಾಲಿನ ಮೇಲೆ. ಎದುರುಮನೆಯ ಕೆಂಚವ್ವ ನಮಗೆ ಹಾಲು ಹಾಕುವವಳು. ಕೆಲವು ದಿನ ಬೆಕ್ಕಿಗೆ ಹಾಲು ನಿಲ್ಲಿಸಿ ನೋಡುತ್ತೇವೆಂದು ನಾನು ವಿನಯದಿಂದಲೇ ಹೇಳಿದೆ.

“ನನ್ನ ಎಮ್ಮಿ ಹಾಲಿಗೆ ತುಪ್ಪಳ ಉದರತಿದ್ದರ ಊರ ಮಂದಿಯೆಲ್ಲಾ ಬೋಳ ಆಗಬೇಕಾಗಿತ್ತಲ್ರಿ,” ಎಂದಳು ಕೆಂಚವ್ವ. ಬಾಗಿಲಲ್ಲಿ ನಿಂತಿದ್ದ ಅಣ್ಣನವರ ಬೋಳು ತಲೆಯ ಕಡೆ ನೋಡಿ, “ನಿಮ್ಮ ಅಣ್ಣಾರ ಮಾತ ಬ್ಯಾರೆ, ಅವರು ಹಾಲ ಕುಡಿಯಂಗಿಲ್ಲ,” ಎಂದೂ ಸೇರಿಸಿದಳು.

ಹಾಲು ನಿಲ್ಲಿಸಿ ಅಂಬಲಿ ಕೊಟ್ಟೆವು, ನೆಕ್ಕುವುದು ನಿಲ್ಲಲಿಲ್ಲ. ಹಾಲು ದೋಷಮುಕ್ತವಾಯಿತು. ಗೋಕಾಕಕ್ಕೆ ಸರ್ವಿಸ್ ಮೋಟಾರಿನಲ್ಲಿ ಹೋಗಿ ದನದ ಡಾಕ್ಟರರನ್ನು ಕಂಡೆ. ಅವರು ನನ್ನ ವಿವರಣೆಯನ್ನು ತಾಳ್ಮೆಯಿಂದ ಕೇಳಿ, ಕೊನೆಗೆ ದಿನಕ್ಕೆ ಎಷ್ಟು ಹಾಲು ಕೊಡುತ್ತದೆಂದು ವಿಚಾರಿಸಿದರು. ಕೊಡುವುದಿಲ್ಲ, ಕುಡಿಯುತ್ತದೆ ಎಂದೆ. ಹಾಗಾದರೆ ದನದ ಖಾತೆಗೆ ಸೇರಿದ ಪ್ರಾಣಿಯಲ್ಲವೆಂದು ಹೇಳಿ, ಕನಿಕರದಿಂದ ಬೆಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಲು ಹೇಳಿದರು. ಗೌಡಸಾನಿ ಬೆಣ್ಣೆಗಾಗಿ ಗಂಧಕವನ್ನೂ ನೆಕ್ಕಿತು. ಕೆಂಚವ್ವ ಸಿಟ್ಟು ಮರೆತು ಬೇವಿನೆಣ್ಣೆಗೆ ಅರಿಸಿನ ಕಲಸಿ ತಂದು ಹಚ್ಚಿದಳು. ಬೆಕ್ಕು ಹಳದಿಯಾಯಿತು, ನೆಕ್ಕುವ ಕೆಲಸ ಅದಕ್ಕೆ ಇನ್ನಷ್ಟು ಹೆಚ್ಚಿತು. ಔಷಧವೆಂಬ ಔಷಧವನ್ನೆಲ್ಲ ನಿಲ್ಲಿಸಿದೆ. ಒಳಗೇ ಇಟ್ಟಿದ್ದಕ್ಕೆ ಬೇಸರವಾಗಿ ತನ್ನನ್ನು ತಾನೇ ಕಿತ್ತುಕೊಳ್ಳುತ್ತಿದೆಯೆಂದು ಅಣ್ಣನವರು ಅಭಿಪ್ರಾಯಪಟ್ಟಿದ್ದರಿಂದ, ಅತ್ತಿಯವರು ಬಸದಿಗೆ ಹೋದ ಹೊತ್ತು ನೋಡಿ ಮುಂಬಾಗಿಲನ್ನು ತೆರೆದಿಟ್ಟೆ. ಗೌಡಸಾನಿ ಹೊಸ್ತಿಲವರೆಗೆ ಬಂದು, ಓಣಿಯನ್ನು ಕೆಟ್ಟ ಭಾಷಾಂತರದ ಪುಸ್ತಕವನ್ನು ನೋಡುವಂತೆ ನೋಡಿ, ಒಳಗೆ ಹೋಗಿ ಫರಸಿಯ ಮೇಲೆ ಮಲಗಿಕೊಂಡಿತು.

ಆಗ ನಡೆದದ್ದು ಪವಾಡ. ಅಷ್ಟಮಿ, ಚತುರ್ದಶಿ ನಮಗೆ ಉಪವಾಸದ ಪರ್ವಗಳು. ಅಷ್ಟಮಿಯ ದಿನ ಗೌಡಸಾನಿ ನೆಕ್ಕಿಕೊಳ್ಳಲಿಲ್ಲ. ಅತ್ತಿಯವರು ಉಪವಾಸವಿದ್ದು ಕಣ್ಣು ಮುಚ್ಚಿ ಕುಳಿತಿದ್ದರು. ಬೆಕ್ಕು ಅವರ ಮಗ್ಗುಲಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಮೊದಲು ಗಮನಿಸಿದವಳು ಕೆಂಚವ್ವ. ಚತುರ್ದಶಿಯ ದಿನವೂ ಹಾಗೆಯೇ ಆಯಿತು. ಮುಂದಿನ ಅಷ್ಟಮಿಯಂದು ಕೆಂಚವ್ವ ಓಣಿಯ ಹೆಂಗಸರನ್ನೆಲ್ಲ ಕರೆತಂದು, “ಬೆಕ್ಕ ಅಷ್ಟಮಿ ಹಿಡದೈತಿ, ನೋಡ್ರವಾ,” ಎಂದು ತೋರಿಸಿದಳು. ಮಾತು ಹಬ್ಬಿತು. ಸಂತೆಗೆ ಬಂದ ನಿಡಸೋಸಿಯವರು ಬೆಲ್ಲ ಕೊಳ್ಳುವ ಮೊದಲು ಬೆಕ್ಕನ್ನು ನೋಡಿಹೋದರು. ಕುಲಗೋಡದಿಂದ ಚಕ್ಕಡಿ ಕಟ್ಟಿಕೊಂಡು ಬಂದವರೂ ಇದ್ದರು. ಬೋಳು ಹೊಟ್ಟೆಯನ್ನು ಕಂಡು, ಮುನಿಗಳಂತೆ ಕೂದಲು ಕಿತ್ತು ಕೇಶಲೋಚವನ್ನೂ ಮಾಡಿಕೊಂಡಿದೆಯಲ್ಲ ಎಂದು ಒಬ್ಬ ಮುದುಕರು ಕೈಮುಗಿದರು. ನವಮಿಯ ದಿನ ಅದು ಮತ್ತೆ ನೆಕ್ಕತೊಡಗಿದರೆ ಅದಕ್ಕೂ ಸಮಾಧಾನವಿತ್ತು: ಉಪವಾಸದ ಮರುದಿನ ಪಾರಣೆ ಮಾಡಲೇಬೇಕಷ್ಟೆ. ನಮ್ಮ ಅಣ್ಣನವರು ಕಾಲವನ್ನು ಅರಿತವರು. ತಮ್ಮ ಬಂಧುಗಳಾದ ಡಬ್ಬಿಗಳನ್ನು ನಿಪ್ಪಾಣಿಯಿಂದ ಪೆಟ್ಟಿಗೆಗಟ್ಟಲೆ ತರಿಸಿ, ಬೆಕ್ಕು ಸಹ ವ್ರತ ಹಿಡಿಯುವ ಮನೆಯಲ್ಲಿ ಬಳಸುವ ಫಿನೈಲ್ ಇದೇ ಎಂದು ಅಂಗಡಿಯಲ್ಲಿ ಮಾರಿದರು. ಆ ದಿನಗಳಲ್ಲಿ ತಮ್ಮ ಕೀರ್ತಿ ತಮ್ಮ ವಾಸನೆಗಿಂತಲೂ ದೂರ ಹೋಯಿತು.

ನನಗೆ ಮಾತ್ರ ಗೌಡಸಾನಿಯ ಧರ್ಮಶ್ರದ್ಧೆಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಅಷ್ಟಮಿಯಂದು ಮನೆಯಲ್ಲಿ ಏನು ಬೇರೆಯಾಗುತ್ತದೆಂದು ಬೆಳಗಿನಿಂದ ಕುಳಿತು ನೋಡಿದೆ. ಅಂದು ಅತ್ತಿಯವರು ಬಕೀಟಿಗೆ ಸೋಸಿದ ನೀರನ್ನು ಸುರಿದರು, ಅರಿವೆ ಅದ್ದಿದರು, ಒರಸಿದರು. ಗೂಡಿನ ಕಡೆ ಕೈ ಚಾಚಲಿಲ್ಲ. ಯಾಕೆಂದು ಕೇಳಿದರೆ, ಸಾಹೇಬರು ಸಾಯುವುದಿಲ್ಲವೆಂದು ಹೇಳಿದ್ದು ನಿಜವಿರಬಹುದು, ಆದರೂ ಸಂಶಯವಿರುವ ವಸ್ತು ಪರ್ವದ ದಿನ ಬೇಡವೆಂದರು. ನಾನು ಬೆಕ್ಕನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ ತುಪ್ಪಳ ರೇಷ್ಮೆಯಂತೆ ಹಾಗೆಯೇ ಇತ್ತು. ಬೋಳಾಗಿದ್ದುದು ಹೊಟ್ಟೆ, ಒಳತೊಡೆ, ಅಂಗಾಲು, ಅಂದರೆ ನೆಲಕ್ಕೆ ತಾಗುವ ಭಾಗಗಳು ಮಾತ್ರ. ದೃಷ್ಟಿ ತಾಗಿದ್ದರೆ ಮೇಲಿನಿಂದ ತಾಗಬೇಕಿತ್ತು. ಮರುದಿನ ಮಧ್ಯಾಹ್ನ ಒರಸಿದ ನೆಲ ಆರುವ ಮೊದಲೇ ಅದು ಮಲಗಿ ಎದ್ದಾಗ ಹಿಡಿದೆತ್ತಿ ಹೊಟ್ಟೆಗೆ ಮೂಗು ಹಚ್ಚಿದೆ. ಅಲ್ಲಿ ತಾವಿದ್ದಿರಿ.

ತಮ್ಮನ್ನು ಕಂಡುಹಿಡಿದ ಸಂತೋಷ ನನಗೆ ಒಂದು ಘಳಿಗೆಯೂ ನಿಲ್ಲಲಿಲ್ಲ. ಕಾದಂಬರಿಗಳಲ್ಲಿ ಪತ್ತೇದಾರನು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಅಪರಾಧಿಯ ಕಡೆ ಬೆರಳು ಮಾಡಿ ತೋರಿಸುತ್ತಾನೆ. ನಾನು ತಮ್ಮ ಕಡೆ ಬೆರಳು ತೋರಿಸಿದರೆ ಆ ಬೆರಳು ತಮ್ಮನ್ನು ಹಾದು, ಅರಿವೆಯನ್ನು ಹಾದು, ಅದನ್ನು ಹಿಡಿದ ಕೈಯನ್ನು ಮುಟ್ಟುತ್ತಿತ್ತು. ಇರುವೆಗೆ ದಾರಿ ಬಿಟ್ಟು ನಡೆಯುವವರಿಗೆ, ನಿಮ್ಮ ಕೈಯಿಂದಲೇ ಈ ಜೀವಕ್ಕೆ ಉರಿ ಬಿತ್ತು, ನೀವು ಅದಕ್ಕಾಗಿ ಮರುಗಿ ಹೆಚ್ಚು ಒರಸಿದಷ್ಟೂ ಹೆಚ್ಚು ಬಿತ್ತು ಎಂದು ಹೇಳುವುದು ಹೇಗೆ? ತಿಳಿಯದೆ ಮಾಡಿದ್ದೆಂದರೆ ಅವರು ಒಪ್ಪುವವರಲ್ಲ. ಎಚ್ಚರ ತಪ್ಪಿ ಮಾಡಿದ ಹಿಂಸೆಯೂ ಹಿಂಸೆಯೇ ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ಅವರೇ. ಆ ಹೊತ್ತಿಗೆ ಅವರು ಮುಂದಿನ ನೇಮವಾಗಿ ಬೆಲ್ಲ, ಸಕ್ಕರೆಯನ್ನೆಲ್ಲ ಬಿಡುವ ಮಾತನಾಡುತ್ತಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು.

ಕೊನೆಗೆ ಅವರ ದಾರಿಯಲ್ಲೇ ಹೋದೆ. “ಅತ್ತಿ, ಇನ್ನೂ ಒಂದ ಬಿಡೂದಾದರ ಬೆಲ್ಲಾ ಬಿಡಬ್ಯಾಡ. ಫಿನೈಲ್ ಬಿಡು,” ಎಂದೆ.

“ಬಿಡೂದಂದರ ಜೀವಕ್ಕ ಸೇರಿದ್ದ ಬಿಡಬೇಕಪಾ,” ಎಂದರು. “ಬ್ಯಾಡಾದದ್ದ ಬಿಟ್ಟರ ಅದೇನ ತ್ಯಾಗ? ಕಸಾ ಚೆಲ್ಲಿಧಂಗ.” ಆಮೇಲೆ ಅರಿವೆಯನ್ನು ಹಿಂಡುತ್ತ ಮೆಲ್ಲಗೆ ಹೇಳಿದರು: “ಖರೆ ಹೇಳಬೇಕಂದರ ಆ ವಾಸನಿ ನನಗ ಭಾಳ ಸೇರತೈತಿ. ಸಾಹೇಬರು ಬಂದು ನೆಲಾ ಛಲೋ ಇಟ್ಟೀರಿ ಅಂದರಲ್ಲ, ಆವತ್ತಿಂದ. ನನ್ನ ಕೆಲಸಾ ಛಲೋ ಐತಿ ಅಂತ ಈ ಮನ್ಯಾಗ ಯಾರೂ ಅಂದಿದ್ದಿಲ್ಲ.”

ಮರುದಿನ ಬಸದಿಗೆ ಹೋಗಿ ಅವರು ಫಿನೈಲನ್ನು ತ್ಯಜಿಸಿ ಬಂದರು. ನೇಮ ಕೊಟ್ಟ ಪಂಡಿತರು ಈ ಪದಾರ್ಥ ಯಾವ ರಸಕ್ಕೆ ಸೇರುತ್ತದೆಂದು ಕೇಳಿ, ಕೊನೆಗೆ ಆಶೀರ್ವಾದ ಮಾಡಿದರಂತೆ.

ಮುಂದಿನದು ತಮಗೆ ಗೂಡಿನಿಂದಲೇ ಕಂಡಿದೆ. ನೆಕ್ಕುವುದು ನಿಂತಿತು, ಗುಳ್ಳೆ ಬಾಡಿದವು, ಹೊಟ್ಟೆಯ ಮೇಲೆ ಮೊದಲು ಹೊಗೆಯಂತೆ ಕಂಡದ್ದು ದೀಪಾವಳಿಯ ಹೊತ್ತಿಗೆ ತುಪ್ಪಳವೆಂದು ಹೇಳಬಹುದಾದಷ್ಟಾಯಿತು. ಸಾಹೇಬರು ಬಂದು ನೋಡಿ, ಇಮ್ಮಡಿ ಸುರಿಯಲು ಹೇಳಿದ್ದರ ಫಲವಿದು ಎಂದು ಬೆಕ್ಕಿಗೆ ಕ್ಷಮಾದಾನ ಮಾಡಿ, ಅಣ್ಣನವರಿಗೆ ಪ್ರಶಸ್ತಿಪತ್ರವನ್ನು ಕೊಟ್ಟರು. ಅಣ್ಣನವರು ತಮ್ಮ ಬಂಧುಗಳ ಮತ್ತೊಂದು ಪೆಟ್ಟಿಗೆಯನ್ನು ತರಿಸಿದರು. ಈಗ ಗೌಡಸಾನಿ ಅಷ್ಟಮಿಯಂದು ಮಾತ್ರವಲ್ಲ, ಯಾವ ದಿನವೂ ಅಗತ್ಯಕ್ಕಿಂತ ಹೆಚ್ಚು ನೆಕ್ಕುವುದಿಲ್ಲ. ವ್ರತಕ್ಕೂ ಇತರ ದಿನಗಳಿಗೂ ಭೇದ ಉಳಿಯದ್ದರಿಂದ ಅದರ ಭಕ್ತರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದಾರೆ.

ಎಲ್ಲರಿಗೂ ಶುಭವಾಗಿರುವಾಗ ದೂರು ಯಾತಕ್ಕೆಂದು ತಾವು ಕೇಳಬಹುದು. ಅತ್ತಿಯವರು ಉಪ್ಪನ್ನು ತೆಗೆದುಕೊಂಡರು, ತುಪ್ಪವನ್ನು ತೆಗೆದುಕೊಂಡರು. ಹಾಲನ್ನು ತೆಗೆದುಕೊಳ್ಳಲಿಲ್ಲ. ನೇಮ ಮುಗಿಯಿತಲ್ಲ, ಕೆಂಚವ್ವ ಕಾಯಿಸಿಯೇ ತಂದಿದ್ದ ಹಾಲು ಆರುತ್ತಿದೆಯೆಂದು ಮೊನ್ನೆ ನಾನು ಬಟ್ಟಲನ್ನು ಮುಂದಿಟ್ಟೆ. ಅವರು ಮಡಿಲಲ್ಲಿದ್ದ ಬೆಕ್ಕಿನ ಹೊಟ್ಟೆಯ ಹೊಸ ತುಪ್ಪಳವನ್ನು ಸವರುತ್ತ, ನನ್ನ ಕಡೆ ನೋಡದೆ ಹೇಳಿದರು:

“ಒರಸಾಕ ಹತ್ತಿದ ಮ್ಯಾಲ ಹೋತು, ಬಿಟ್ಟ ಮ್ಯಾಲ ಬಂತು. ನೀ ಹೇಳಲಿಲ್ಲಂದರ ನನಗ ತಿಳಿಯಂಗಿಲ್ಲೇನ ಆಬಾ? ನನ್ನ ಪಾಲಿನ ಹಾಲು ಇನ್ನ ಅಕಿದು. ನಾ ಇರೂತನಕ.”

ಬಟ್ಟಲನ್ನು ಬೆಕ್ಕಿನ ಮುಂದೆ ಸರಿಸಿದರು. ಅದು ಕುಡಿಯಿತು.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ತಾವು ಇನ್ನು ಮೇಲೆ ಬೆಳ್ಳಗಾಗದೆ, ಇದ್ದ ಬಣ್ಣದಲ್ಲೇ ನೀರಿಗೆ ಇಳಿಯುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ನಮ್ಮ ಅತ್ತಿಯವರು ಈ ಪಡಸಾಲೆಯಲ್ಲಿ ಒಬ್ಬರೇ ಕುಳಿತಿರುವ ಹೊತ್ತಿನಲ್ಲಿ ತಮ್ಮ ಮುಚ್ಚಳವನ್ನು ತಾವೇ ತೆಗೆದು, ಇದನ್ನು ಮಾಡಿದ್ದು ನಾನು, ತಾಯೀ, ನಿಮ್ಮ ಕೈಯಲ್ಲ ಎಂದು ಒಂದು ಮಾತು ಹೇಳಬೇಕು. ನಾನು ಹೇಳಿದರೆ ಅದು ಸಾಕಿದ ಹುಡುಗನ ಸಮಾಧಾನದ ಮಾತಾಗುತ್ತದೆ. ಸಾಹೇಬರು ಹೇಳುವವರಲ್ಲ, ಅಣ್ಣನವರಿಗೆ ಹೇಳಲು ಪುರುಸೊತ್ತಿಲ್ಲ. ತಮ್ಮ ಮಾತನ್ನು ಮಾತ್ರ ಅತ್ತಿಯವರು ನಂಬಿಯಾರು. ತಮ್ಮನ್ನು ಅವರು ಒಮ್ಮೆ ಪೂರ್ತಿಯಾಗಿ ನಂಬಿದ್ದರು.

ಉತ್ತರವನ್ನು ನಿರೀಕ್ಷಿಸುತ್ತ, ಮೂಗಿಗೆ ವಸ್ತ್ರವನ್ನು ಹಿಡಿದುಕೊಂಡೇ,

ತಮ್ಮ ವಿಶ್ವಾಸಿ,
ಆಬಾಸಾಹೇಬ

ತಾಜಾಕಲಮು: ಇನ್‌ಸ್ಪೆಕ್ಟರ್ ಸಾಹೇಬರು ಮುಂದಿನ ವಾರ ಮತ್ತೆ ತಪಾಸಣೆಗೆ ಬರುವವರಿದ್ದಾರೆ. ಇದುವರೆಗೆ ಅವರು ನಮ್ಮ ಪಡಸಾಲೆಯನ್ನು ಬೂಟು ಬಿಚ್ಚದೆಯೇ ಪರೀಕ್ಷಿಸಿದ್ದಾರೆ. ಈ ಸಲ ಅವರ ಗೌರವಾರ್ಥ, ಅತ್ತಿಯವರಿಗೆ ತಿಳಿಯದಂತೆ, ಗೌಡಸಾನಿಯನ್ನು ಮಾಳಿಗೆಯಲ್ಲಿ ಇರಿಸಿ, ತಮ್ಮನ್ನು ಇಮ್ಮಡಿಯಾಗಿ ನಾನೇ ಸುರಿದು ಒರಸುತ್ತೇನೆ. ಅವರು ಬರಿಗಾಲಲ್ಲಿ ಒಳಗೆ ಬಂದು, ಫರಸಿಯ ಮೇಲೆ ಅಂಗಿ ಕಳೆದು ಒಂದು ಮಧ್ಯಾಹ್ನ ಬೋರಲಾಗಿ ಮಲಗಿ ವಿಶ್ರಮಿಸುವಂತೆ ತಾವು ದಯವಿಟ್ಟು ಶಿಫಾರಸು ಮಾಡಬೇಕು. ಎದ್ದ ಮೇಲೆ ನೆಕ್ಕಿಕೊಳ್ಳುವುದು, ಬಿಡುವುದು ಅವರ ಇಚ್ಛೆಗೆ ಸೇರಿದ್ದು; ನಾವು ಒತ್ತಾಯ ಮಾಡುವುದಿಲ್ಲ.